ಒಂದು ಬೊಗಸೆ ತೌಡು

ಜಮಖಂಡಿಯಿಂದ ಬನಹಟ್ಟಿಗೆ ಸೀರೆ ಒಯ್ಯುವವನು ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎಂದು ಬಸ್ಸು ಹತ್ತುವಾಗಲೇ ಪರಮಾನಂದನಿಗೆ ಅನಿಸಿತ್ತು. ಮಗ್ಗದ ಸದ್ದಿನಲ್ಲೇ ಏಳುವ, ಮಗ್ಗದ ಸದ್ದಿನಲ್ಲೇ ಮಲಗುವ ಊರು ಅದು. ಅಲ್ಲಿಂದ ಸೀರೆಗಳು ಗಂಟು ಗಂಟಾಗಿ ಹೊರಗೆ ಹೋಗುತ್ತವೆಯೇ ಹೊರತು ಒಳಗೆ ಬರುವುದಿಲ್ಲ. ಅವನ ತೊಡೆಯ ಮೇಲಿನ ಚೀಲದಲ್ಲಿ ಒಂದು ಹಸಿರು ಸೀರೆ, ಒಂದು ಕುಬಸದ ಖಣ, ಒಂದು ತೆಂಗಿನಕಾಯಿ. ಪಕ್ಕದಲ್ಲಿ ಕೂತ ಹೆಂಗಸು ಸಂಕೋಚವಿಲ್ಲದೆ ಚೀಲದೊಳಗೆ ಇಣುಕಿ, "ಬನಹಟ್ಟಿಯೊಳಗ ಸೀರಿ ಸಿಗೂದಿಲ್ಲೇನ್ರಿ ಅಣ್ಣಾರ?" ಎಂದು ಕೇಳಿ ತಾನೇ ನಕ್ಕಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡದೆ ಸಾಲಾಗಿ ಹೋಗುತ್ತಿದ್ದವು, ಬಸ್ಸು ಅವುಗಳ ಹಿಂದೆ ಮುಲುಗುತ್ತಿತ್ತು. ಇದೇ ಕೊನೆಯ ಸಲ ಎಂದು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ಹೇಳಿಕೊಂಡಾಗಲೆಲ್ಲ ಎದೆ ಹಗುರಾಗಬೇಕಾಗಿತ್ತು, ಆಗುತ್ತಿರಲಿಲ್ಲ, ಅದೇ ಅವನಿಗೆ ಸಿಟ್ಟು ತರಿಸುತ್ತಿತ್ತು.

ಅವನ ಮನೆಯಲ್ಲಿ ಕೂಸು ಹುಟ್ಟುವ ಮೊದಲು ಬನಹಟ್ಟಿಯ ಒಂದು ನೇಕಾರರ ಮನೆಗೆ ಸೀರೆ ಹೋಗಬೇಕು. ಮನೆಯ ಹಿರಿಯನೇ ಒಯ್ಯಬೇಕು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಅಪ್ಪ ಹಣಮಪ್ಪನನ್ನು ಕೇಳಿದರೆ "ನಮ್ಮಪ್ಪ ಒಯ್ಯತಿದ್ದ" ಅನ್ನುತ್ತಿದ್ದ, ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಆ ಹಣಮಪ್ಪ ಶ್ರಾವಣದಲ್ಲಿ ತೀರಿಕೊಂಡ. ಈಗ ಸೊಸೆ ಸಂಧ್ಯಾ ಚೊಚ್ಚಲ ಹೆರಿಗೆಗೆ ಮುಧೋಳದ ತವರಿಗೆ ಹೋಗಿದ್ದಾಳೆ. ಮುಂಜಾನೆ ಚಹಾ ಕೊಡುತ್ತ ಹೆಂಡತಿ ಅಂಜನಾ, ಗೋಡೆಗೆ ಹೇಳುವವಳ ಹಾಗೆ, "ಹುಡುಗಿಗೆ ದಿನಾ ತುಂಬಾಕ ಬಂದಾವು. ಮಾವಾರು ಇದ್ದಿದ್ರ ಇಷ್ಟೊತ್ತಿಗೆ ಹೋಗಿ ಬಂದಿರತಿದ್ರು" ಎಂದಿದ್ದಳು. "ಹೋಗತೇನಿ ಮಾರಾಯ್ತಿ, ಹೋಗಿ ಮುಗಿಸೇ ಬರತೇನಿ" ಎಂದು ಇವನು ಲೋಟ ಕುಕ್ಕಿದ. ಮುಗಿಸುವುದು ಅಂದರೆ ಏನು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಬೀರು ತೆಗೆದು ತಾನು ಮೊದಲೇ ತಂದಿಟ್ಟಿದ್ದ ಸೀರೆಯನ್ನು ಚೀಲಕ್ಕೆ ಹಾಕಿದಳು.

ಮುಗಿಸಬೇಕೆಂಬ ಹಟಕ್ಕೆ ಕಾರಣ ಅವನ ಕೋಣೆಯ ಗೋಡೆಯ ಮೇಲಿತ್ತು. ಅಪ್ಪನನ್ನು ಮಣ್ಣಿಗಿಟ್ಟು ಬಂದ ವಾರದಲ್ಲೇ ಅವನು ಮನೆತನದ ವಂಶವೃಕ್ಷ ಬರೆಯಲು ಕೂತಿದ್ದ. ಸರ್ವೆ ಇಲಾಖೆಯಲ್ಲಿ ತಲೆಗೂದಲು ಉದುರುವವರೆಗೆ ಹೊಲ ಅಳೆದವನು. ಗೆರೆ ಎಲ್ಲಿಂದ ಹೊರಟಿತು, ಎಲ್ಲಿ ಕೂಡಿತು ಎನ್ನುವುದು ತಿಳಿಯದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಮೊಮ್ಮಕ್ಕಳಿಗೆ ತೋರಿಸಲಿಕ್ಕೆ ಎಂದು ಎಲ್ಲರಿಗೂ ಹೇಳುತ್ತಿದ್ದ. ನಿಜ ಸಂಗತಿ ಬೇರೆ. ಸ್ಮಶಾನದಿಂದ ಬಂದು ಕೈಕಾಲು ತೊಳೆಯುವಾಗ, ಇನ್ನು ತನ್ನ ಮುಂದೆ ಯಾರೂ ಇಲ್ಲ ಎಂದು ಒಮ್ಮೆಲೇ ಹೊಳೆದು, ಬಚ್ಚಲಲ್ಲೇ ಗೋಡೆ ಹಿಡಿದು ನಿಂತಿದ್ದ. ಇಷ್ಟು ದಿನ ಅಪ್ಪನ ಬೆನ್ನು ಮುಂದಿತ್ತು. ಈಗ ಬರೀ ಬಯಲು. ಆ ಬಯಲಿಗೆ ಹೆದರಿ ಅವನು ಹಿಂದಕ್ಕೆ ತಿರುಗಿದ್ದ. ಅಪ್ಪ ಹಣಮಪ್ಪ, ಅವನಪ್ಪ, ಅವನಪ್ಪ ಬಸಗೊಂಡಪ್ಪ. ಕವಲು ಕವಲಾಗಿ ಕಾಕಾಗಳು, ಅತ್ತೆಯರು, ಅವರ ಮಕ್ಕಳು. ಹೆಸರು ಬರೆಯುತ್ತ ಹೋದಂತೆ ಅವನಿಗೆ ಒಂದು ಬಗೆಯ ಬೆರಗು ಹಿಡಿಯಿತು. ಇವರಲ್ಲಿ ಒಬ್ಬರು ಒಂದು ಜ್ವರದಲ್ಲಿ ಹೋಗಿದ್ದರೂ, ಒಬ್ಬಳು ಒಂದು ಸಂಬಂಧಕ್ಕೆ ಒಲ್ಲೆ ಅಂದಿದ್ದರೂ, ಪೆನ್ನು ಹಿಡಿದ ಈ ಕೈಯೇ ಇರುತ್ತಿರಲಿಲ್ಲ. ಆಫೀಸಿನಲ್ಲಿ ಯಾರದೋ ಹೊಲದ ನಕ್ಷೆ ನೋಡುತ್ತಿರುವಾಗಲೂ ಅದೇ ನೆನಪಾಗಿ ಕೈ ನಿಂತುಬಿಡುತ್ತಿತ್ತು.

ಆದರೆ ಬಸಗೊಂಡಪ್ಪನ ಮೇಲೆ ಖಾಲಿ. ಅವನಪ್ಪ ಯಾರು, ಅವ್ವ ಯಾರು, ಒಬ್ಬನಿಗೂ ಗೊತ್ತಿಲ್ಲ. ಚಿಕ್ಕಪಡಸಲಗಿ ಕಡೆಯ ಹೊಳೆದಂಡೆಯಲ್ಲಿ ಅವನದೊಂದು ಹೊಲವಿತ್ತು, ಹರೆಯದಲ್ಲಿ ಒಬ್ಬನೇ ಬಂದು ಅದನ್ನು ಉಳಲಿಕ್ಕೆ ಹತ್ತಿದ, ಅಷ್ಟೇ. ಮಠದಲ್ಲಿ ಕೇಳಿದ, ಹಳಬರನ್ನು ಕೇಳಿದ, ಹೊಳೆ ದಾಟಿ ಹೋಗಿ ಕೇಳಿ ಬಂದ. ಮುಧೋಳದ ಕಾಕಾನ ಮಗ ಜ್ಞಾನೇಶ್ವರ ಫೋನಿನಲ್ಲಿ ಗಹಗಹಿಸಿದ: "ಏನಲೇ ಪರಮ್ಯಾ, ಮುತ್ಯಾ ಮುಗಲಿಂದ ಉದುರ್ಯಾನೇನ? ಮೊದಲ ಆ ನೇಕಾರರ ಮನಿಗೆ ಸೀರಿ ಒಯ್ಯೂದು ಬಂದ್ ಮಾಡು. ಮಂದಿ ಏನಾರ ಒಂದ ಅಂತಾರ." ಮಂದಿ ಏನೆನ್ನುತ್ತಾರೆ ಎಂದು ಅವನು ಬಿಡಿಸಿ ಹೇಳಲಿಲ್ಲ, ಇವನು ಕೇಳಲೂ ಇಲ್ಲ. ಆವತ್ತಿನಿಂದ ಆ ಖಾಲಿ ಜಾಗ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಬೀಳಗಿಯಲ್ಲಿ ಕೆಲಸಕ್ಕಿದ್ದಾಗ, ಅಣೆಕಟ್ಟಿನ ಹಿನ್ನೀರು ಬರುವ ಮೊದಲು, ಮುಳುಗುವ ಊರುಗಳ ಮನೆಗಳನ್ನು ಅಳೆಯಲು ಹೋಗುತ್ತಿದ್ದ. ಒಮ್ಮೆ ಟೇಪು ಹಿಡಿದು ನಿಂತಾಗ ಒಬ್ಬ ಮುದುಕ ಗೋಡೆಗೆ ಅಂಗೈ ಊರಿ, ಅದನ್ನು ಕಟ್ಟಿದ ಅಜ್ಜ ಮುತ್ತಜ್ಜರ ಹೆಸರನ್ನೆಲ್ಲ ಒಂದೊಂದಾಗಿ ಗೋಡೆಗೇ ಹೇಳುತ್ತಿದ್ದ. ಇವನು ಉದ್ದ ಅಗಲ ಬರೆದುಕೊಂಡು ಮುಂದಿನ ಮನೆಗೆ ಹೋದ. ಆ ಮುದುಕನಿಗೆ ಅಷ್ಟು ಹೆಸರು ಗೊತ್ತಿದ್ದವು, ಗೋಡೆ ಹೋಯಿತು. ತನಗೆ ಗೋಡೆ ಗಟ್ಟಿ ಇದೆ, ಹೆಸರಿಲ್ಲ.

ಬಸ್ಸು ನಿಂತಿತು, ಹೊರಟಿತು. ಚಿಕ್ಕವನಿದ್ದಾಗ ಒಮ್ಮೆ ಅಪ್ಪನ ಜೊತೆ ಇದೇ ದಾರಿಯಲ್ಲಿ ಬಂದಿದ್ದ, ತಂಗಿ ಹುಟ್ಟುವ ಮೊದಲು. ಹಣಮಪ್ಪ ಯಾರಿಗೂ ಬಾಗದ ಮನುಷ್ಯ. ಸಾಹುಕಾರರು ಎದುರು ಬಂದರೂ ಟೊಪ್ಪಿಗೆ ಸರಿಪಡಿಸಿಕೊಂಡು ಹಾದು ಹೋಗುವವನು. ಅಂಥ ಅಪ್ಪ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು, ತನಗಿಂತ ಚಿಕ್ಕವಳಾಗಿ ಕಂಡ ಒಬ್ಬ ನೇಕಾರ ಹೆಂಗಸಿನ ಕಾಲಿಗೆ ಹಣೆ ಹಚ್ಚಿದ. ಅವಳು ಹಿಂದೆ ಸರಿಯಲಿಲ್ಲ. ಬೇಡ ಅನ್ನಲಿಲ್ಲ. ಅವನ ನೆತ್ತಿಯ ಮೇಲೆ ಕೈ ಇಟ್ಟು, "ಏಳು" ಎಂದಳು, ಏಕವಚನದಲ್ಲಿ. ಬೀದಿಯಲ್ಲಿ ಹೋಗುವವರು ನೋಡಿದರು. ಹುಡುಗನಾಗಿದ್ದ ಪರಮಾನಂದ ನಾಚಿಕೆಯಿಂದ ಅಪ್ಪನ ಅಂಗಿ ಹಿಡಿದು ಎಳೆದಿದ್ದ. ಮನೆಗೆ ಬರುವವರೆಗೂ ಅಪ್ಪನ ಜೊತೆ ಮಾತಾಡಿರಲಿಲ್ಲ. ಅಪ್ಪನ ಬಗ್ಗೆ ಅಂಥ ನಾಚಿಕೆ ಅವನಿಗೆ ಮತ್ತೆಂದೂ ಆಗಿಲ್ಲ, ಆ ಒಂದು ನಾಚಿಕೆ ಹೋಗಿಯೂ ಇಲ್ಲ.

ಬನಹಟ್ಟಿಯಲ್ಲಿ ಇಳಿದರೆ ಸದ್ದು. ಓಣಿ ತಿರುಗಿದಂತೆಲ್ಲ ಮನೆಮನೆಯೊಳಗಿಂದ ಪಾವರ್‌ಲೂಮು ಬಡಿಯುವ ಸದ್ದು ಅಂಗಾಲಿನಿಂದ ಮೊಣಕಾಲಿಗೆ ಏರಿ ಬರುತ್ತಿತ್ತು. ಆ ಮನೆ ಬದಲಾಗಿತ್ತು, ಮುಂದೆ ತಗಡಿನ ಚಪ್ಪರ ಬಂದಿತ್ತು. ಬಾಗಿಲಲ್ಲಿ ನಿಂತು ಕೂಗಿದರೂ ಯಾರಿಗೂ ಕೇಳಲಿಲ್ಲ. ಕಡೆಗೆ ಒಳಗೆ ದಾರ ನೋಡುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, ಇವನ ಕೈಯ ಚೀಲ ನೋಡಿದಳು. ಮುಖಕ್ಕಿಂತ ಮೊದಲು ಚೀಲವನ್ನೇ ಗುರುತು ಹಿಡಿದವಳಂತೆ ಮಗ್ಗದ ಗುಂಡಿ ಒತ್ತಿದಳು. ಸದ್ದು ನಿಂತ ಮೇಲೆ ಕಿವಿಯಲ್ಲಿ ಇನ್ನೊಂದು ಸದ್ದು ಉಳಿಯಿತು. "ಅತ್ತೀ, ಜಮಖಂಡಿಯಾರು ಬಂದಾರ್ರಿ" ಎಂದು ಒಳಗೆ ಕೂಗಿ, "ಬರ್ರಿ ಅಣ್ಣಾರ, ನಾ ಪ್ರತಿಮಾ, ಇವರ ಸೊಸಿ" ಎಂದು ಚಾಪೆ ಹಾಸಿದಳು.

ತಂಗೆವ್ವ ಗೋಡೆ ಹಿಡಿದುಕೊಂಡು ಬಂದಳು. ಅಪ್ಪ ಹಣೆ ಹಚ್ಚಿದ್ದು ಇವಳ ಕಾಲಿಗೇ. ಈಗ ಬೆನ್ನು ಬಾಗಿದ್ದಾಳೆ, ಕಣ್ಣಿನ ಮೇಲೆ ಪೊರೆ. ಪರಮಾನಂದ ಅರ್ಧ ಬಾಗಿದ, ಕೈ ಮುಗಿದ, ಎರಡೂ ಪೂರ್ತಿ ಆಗಲಿಲ್ಲ. ಅವಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ಉಡಿಯೊಡ್ಡಿ ಸೀರೆ ಇಸಿದುಕೊಂಡಳು, ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದಳು. ಅಂಗಡಿಯವನು ಹತ್ತಿ ಎಂದು ಕೊಟ್ಟದ್ದು ಹತ್ತಿಯಲ್ಲವೆಂದು ಆ ಬೆರಳುಗಳಿಗೆ ತಿಳಿದಿರಬೇಕು. ಪ್ರತಿಮಾ ನಗು ತಡೆಯಲು ಸೆರಗು ಬಾಯಿಗೆ ಒಯ್ದಳು. "ಛಲೋ ಐತಿ" ಎಂದಳು ಮುದುಕಿ. "ಬಣ್ಣಾ ಹಸರ ಹೌದಲ್ಲಾ?" ಹೌದೆಂದ. ಇವನ ಕಿವಿ ಬಿಸಿಯಾಗಿದ್ದವು. ನೇಯುವವರ ಮನೆಗೆ ಎಂಥ ಸೀರೆ ತಂದೆ ಎನ್ನುವ ನಾಚಿಕೆಯಲ್ಲೇ, ಆಡಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಚೆಲ್ಲಾಪಿಲ್ಲಿಯಾದವು.

"ಹುಡುಗಿ ಹೆಂಗದಾಳು? ಉಣ್ಣತಾಳಿಲ್ಲೋ?"

"ಅರಾಮದಾಳ್ರಿ. ತಂಗೆವ್ವಾರ, ನಾ ಒಂದ ಮಾತ ಕೇಳಬೇಕಂತ ಬಂದೇನ್ರಿ. ಆಮ್ಯಾಲೆ ಒಂದ ಮಾತ ಹೇಳೂದೂ ಐತಿ."

"ಮೊದಲ ಕೇಳು."

"ಈ ಸೀರಿ ಯಾಕ್ರಿ? ನಮ್ಮ ಮುತ್ಯಾ ಬಸಗೊಂಡಪ್ಪ ಯಾರ ಮಗ?"

ಮುದುಕಿ ತಟ್ಟನೆ ತಲೆಯೆತ್ತಿದಳು. ಪೊರೆಗಣ್ಣಿಗೆ ಕಾಣುವಷ್ಟು ಅವನ ಮುಖವನ್ನು ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಮೂಡಿತು, ದೂರದ ಊರಿಂದ ಕಾಯುತ್ತಿದ್ದವರು ಬಂದಾಗ ಮೂಡುವ ನಗು. "ನಮ್ಮತ್ತಿ ಹೇಳಿದ್ದಳು," ಎಂದಳು. "ಅವರು ಕೇಳಿದರ ಹೇಳಬೇಕು, ಕೇಳದಿದ್ದರ ಬಾಯಿ ಬಿಡಬಾರದು ಅಂತ. ನಿಮ್ಮಪ್ಪ ಕೇಳಲಿಲ್ಲ. ಅವನಪ್ಪನೂ ಕೇಳಲಿಲ್ಲ. ನಾ ಸಾಯೂದರೊಳಗ ಯಾರರ ಕೇಳ್ತೀರಿಲ್ಲೋ ಅನಕೋತಿದ್ದೆ. ಕುಂದರು, ಸರಿಯಾಗಿ ಕುಂದರು."

ಅವಳು ಹೇಳಿದ್ದು ಇಷ್ಟು. ಹೊಳೆಯ ದಂಡೆಯ ಒಂದು ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ತೊಟ್ಟಿಲಲ್ಲೇ ಹೋಗುತ್ತಿದ್ದವು. ಬಸಗೊಂಡಪ್ಪ ಹುಟ್ಟಿದಾಗ ಅವನ ಅವ್ವ ಬಾಣಂತಿ ಮೈಯಲ್ಲೇ ಕೂಸನ್ನು ಮೊರದಲ್ಲಿ ಹಾಕಿಕೊಂಡು, ಗಂಡನ ಕೂಡ ಚಕ್ಕಡಿಯಲ್ಲಿ ಬನಹಟ್ಟಿಗೆ ಬಂದಳು. ಆಗ ಈ ಮನೆಯ ಸೊಸೆಯಾಗಿದ್ದ ತಾರವ್ವನ ಮಕ್ಕಳು ಒಂದೂ ಸತ್ತಿರಲಿಲ್ಲ, ಅದಕ್ಕೆ. ತಾರವ್ವ ಒಂದು ಬೊಗಸೆ ತೌಡು ಕೊಟ್ಟು ಕೂಸನ್ನು ಕೊಂಡಳು. ಕೊಂಡು, ಮೊಲೆಗೆ ಹಚ್ಚಿ, ಮತ್ತೆ ಅವರ ಕೈಯಲ್ಲೇ ಇಟ್ಟಳು: ಇದು ನನ್ನ ಕೂಸು, ನೀವು ಸಾಕಿಕೊಡ್ರಿ. ಸಾವು ಆ ಮನೆಗೆ ಬಂದು ಹುಡುಕಿದರೆ ಅಲ್ಲಿ ಅವರ ಕೂಸು ಇರಬಾರದು, ಬರೀ ಮಂದಿ ಕೂಸು ಇರಬೇಕು. ಹುಟ್ಟುಗೂದಲಿನ ಜಾವಳ ತೆಗೆಯುವ ದಿನ ತೌಡು ತಂದು ಬಿಡಿಸಿಕೊಂಡು ಹೋಗುವುದು ಎಂದು ಮಾತಾಗಿತ್ತು. ಹೀಗೆ ಎಷ್ಟೋ ಮನೆಯವರು ಮಾಡುತ್ತಿದ್ದರು, ಅದರಲ್ಲೇನೂ ಇಲ್ಲ.

"ಆಮ್ಯಾಲೆ?"

"ಆಮ್ಯಾಲೆ ಪ್ಲೇಗ ಬಂತಲ್ಲಪಾ. ಊರ ಮಂದಿ ಅಡವ್ಯಾಗ ಗುಡಸಲಾ ಹಾಕ್ಕೊಂಡ ಕುಂತಿದ್ರು. ಅವ್ವ, ಅಪ್ಪ, ಇಬ್ಬರೂ ಹ್ವಾದ್ರು. ಯಾರೂ ಅತ್ತಾಗ ಹಾಯಲಿಲ್ಲ. ತಾರವ್ವಗ ಸುದ್ದಿ ಹತ್ತಿತು. ಗಂಡ ಬ್ಯಾಡ ಅಂದ, ಅತ್ತಿ ಬಾಗಲಕ್ಕ ಅಡ್ಡ ಕುಂತಳು. 'ನನ್ನ ಕೂಸ ಅಲ್ಲೈತಿ' ಅಂದ್ಲಂತ. ನಡಕೋತ ಹೋಗಿ, ಸತ್ತವರ ಮಗ್ಗಲದಾಗಿಂದ ಎತಗೊಂಡ ಬಂದ್ಲು."

ತಂಗೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೋಡಿದವಳಂತೆ ಹೇಳುತ್ತಿದ್ದಳು. ತಾರವ್ವ ಹುಡುಗನನ್ನು ಈ ಮನೆಯಲ್ಲೇ ಬೆಳೆಸಿದಳು. ಮಗ್ಗದ ಮೇಲೆ ಮಾತ್ರ ಕೂರಿಸಲಿಲ್ಲ. ಜಂಗಮರನ್ನು ಕರೆಸಿ ಕೊರಳಿಗೆ ಲಿಂಗ ಕಟ್ಟಿಸಿದಳು, ನಿನ್ನ ಮನೆತನ ಬೇರೆ, ನಿನ್ನ ಹೊಲ ಹೊಳೆಯ ದಂಡೆಗಿದೆ, ಅದು ನಿನ್ನ ದಾರಿ ನೋಡುತ್ತಿದೆ ಎಂದು ದಿನಾ ಹೇಳುತ್ತಿದ್ದಳು. ಅವನಿಗೆ ಮೀಸೆ ಬಂದ ವರ್ಷ ಒಂದು ಜೋಡು ಎತ್ತು ಹೊಂದಿಸಿ ಕೊಟ್ಟು ಕಳಿಸಿದಳು. "ಕಳಿಸಿ ಆಕಿ ಉಣ್ಣಲಿಲ್ಲಂತ ಎಷ್ಟೋ ದಿನಾ. ಆದರ ಇಟಗೊಳ್ಳಲಿಲ್ಲ ನೋಡು. ಅವಗ ಲಗ್ನಾಗಿ ಹೆಂಡತಿ ಬಸರಾದಾಗ ಸೀರಿ ತಗೊಂಡ ಬಂದ. 'ಯವ್ವಾ, ಇದೂ ನಿಂದ' ಅಂದ. ಹುಟ್ಟೂಕಿಂತ ಮೊದಲ ಬಂದ ಹೇಳಿ ಹೋಗೂದು. ಅವತ್ತಿನಿಂದ ಹಂಗ ನಡಕೋತ ಬಂದೈತಿ."

"ತೌಡು ಕೊಟ್ಟ ಬಿಡಿಸ್ಕೊಳ್ಳಲಿಲ್ಲೇನ್ರಿ ಯಾರೂ?"

"ಯಾರ ಬಿಡಿಸ್ಕೊಳ್ಳವ್ರು? ಹಡದವ್ರು ಹ್ವಾದ್ರು. ಕೂಸು ತನ್ನ ತಾನ ಬಿಡಿಸ್ಕೊಳ್ಳಾಕ ಬರತೈತೇನು?" ಮುದುಕಿ ಅವನ ಮೊಣಕಾಲ ಮೇಲೆ ಕೈ ಇಟ್ಟಳು. "ನೀವೆಲ್ಲಾ ಇನ್ನೂ ಈ ಮನಿಯಾವ್ರ."

ಪರಮಾನಂದ ಕೂತಲ್ಲೇ ಒಬ್ಬೊಬ್ಬರನ್ನಾಗಿ ಎಣಿಸಿದ. ಅಜ್ಜ, ಅಪ್ಪ, ಕಾಕಾಗಳು, ಗಹಗಹಿಸುವ ಜ್ಞಾನೇಶ್ವರ, ಮುಧೋಳದಲ್ಲಿ ಸಂಧ್ಯಾಳ ಹೊಟ್ಟೆಯಲ್ಲಿರುವ ಕೂಸು, ಬಾಡಗಂಡಿಯ ಕಾರ್ಖಾನೆಯಲ್ಲಿ ಈ ಹೊತ್ತಿಗೆ ಪಾಳಿ ಮುಗಿಸುತ್ತಿರುವ ತನ್ನ ಮಗ, ಎಲ್ಲರೂ ಒಬ್ಬ ಹೆಂಗಸು ಸಾಕಲು ಕೊಟ್ಟ ಕೂಸಿನ ಕೂಸುಗಳು. ಸತ್ತವರ ಮಗ್ಗಲಲ್ಲಿ ಮಲಗಿದ್ದ ಆ ಕೂಸನ್ನು ತನ್ನದು ಅಂದವಳು ಲೋಕದಲ್ಲಿ ಅವಳೊಬ್ಬಳೇ. ಅದೂ ಒಂದು ಬೊಗಸೆ ತೌಡು ಕೊಟ್ಟಿದ್ದೇನೆ ಎನ್ನುವ ಒಂದೇ ಹಕ್ಕಿನ ಮೇಲೆ. ಸಾವಿನ ಕಣ್ಣಿಗೆ ಮಣ್ಣೆರಚಲು ಆಡಿದ ಆಟ ಅದು. ಆಟವೆಂದು ಎಲ್ಲರಿಗೂ ಗೊತ್ತಿತ್ತು, ಅವಳೂ ಗೊತ್ತಿದ್ದೇ ಆಡಿದ್ದಳು. ಅದನ್ನು ಖರೆ ಮಾಡಿ ಪ್ಲೇಗಿನ ಊರಿಗೆ ನಡೆದು ಹೋದಳಲ್ಲ, ಆ ಕಾಲುಗಳು ಎಂಥವು? ಜೀವನದಲ್ಲಿ ಅವನು ಹೊಲದ ಗಡಿಯ ಎಷ್ಟೋ ಬಾಂದುಕಲ್ಲು ಕಂಡಿದ್ದ. ನಕ್ಷೆಯಲ್ಲಿ ಬಾವಿಗೊಂದು ಗುರುತು ಉಂಟು, ಹಳ್ಳಕ್ಕೊಂದು, ಕಾಲುದಾರಿಗೊಂದು. ಇವಳನ್ನು ಗೋಡೆಯ ಮೇಲಿನ ಆ ಹಾಳೆಯಲ್ಲಿ ಎಲ್ಲಿ ಬರೆಯುವುದು, ಎಂಥ ಗೆರೆಯಿಂದ ಕೂಡಿಸುವುದು ಎಂದು ಅವನಿಗೆ ತಿಳಿಯಲಿಲ್ಲ.

ಆದರೂ ಮನಸ್ಸು ಎಂಥ ನಾಯಿ! ಹೀಗೆ ಬೆರಗಾಗಿರುವಾಗಲೇ ಅದರ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು. ಬಸಗೊಂಡಪ್ಪನಿಗೆ ಅಪ್ಪ ಅವ್ವ ಇದ್ದರು ಎಂದಾಯಿತು. ಹೆಸರು ಸಿಗದಿದ್ದರೂ ಎರಡು ಚೌಕ ಬರೆಯಬಹುದು. ಜ್ಞಾನೇಶ್ವರನ ಬಾಯಿಗೆ ಬೀಗ. ಇನ್ನು ಉಳಿದದ್ದು ಈ ಬಿಡಿಸಿಕೊಳ್ಳದೆ ಉಳಿದ ಗಂಟು. ಅದನ್ನು ಬಿಚ್ಚಿದರೆ ಗೆರೆ ನೆಟ್ಟಗಾಗುತ್ತದೆ. ಹೇಳಬೇಕೆಂದು ತಂದ ಮಾತು ಅವನ ಬಾಯಿಂದ ತಾನಾಗಿ ಹೊರಬಿತ್ತು: "ಈಗ ಬಿಡಿಸ್ಕೋಬೇಕಂದ್ರ ಏನ ಮಾಡಬೇಕ್ರಿ?"

ಹೇಳಿದೊಡನೆ ಅವನಿಗೆ ಬಾಯಿ ಮುಚ್ಚಿಕೊಳ್ಳಬೇಕೆನಿಸಿತು. ತಂಗೆವ್ವ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಸಾಲೆ ಬಿಟ್ಟ ಮೇಲೆ ಮನೆಗೆ ಹೋಗಲೇ ಎಂದು ಕೇಳುವ ಮಗುವಿಗೆ ಹೇಳುವಂತೆ, "ಏನ ಭಾಳ ಇಲ್ಲೋ ತಮ್ಮಾ," ಎಂದಳು. "ಮನಿ ಹಿರ್ಯಾ ಬಂದು ಒಂದ ಬೊಗಸಿ ತೌಡು ನನ್ನ ಉಡ್ಯಾಗ ಹಾಕಿದರ ಆತು. ಕೇಳಿದರ ಒಲ್ಲೆ ಅನಬಾರದು ಅಂತನೂ ತಾರವ್ವ ಹೇಳ್ಯಾಳಂತ. ನೀವೂ ದೊಡ್ಡವ್ರಾಗೀರಿ. ಎದರಿಗೆ ಅಂಗಡಿ ಐತಿ, ಹಿಂಡಿ ತೌಡು ಎಲ್ಲಾ ಇಟ್ಟಾನ. ಹೋಗಿ ತಗೊಂಡ ಬಾ. ನಾ ಇಲ್ಲೇ ಕುಂತಿರತೇನಿ." ಹೇಳಿ, ಹಸಿರು ಸೀರೆಯನ್ನು ಪಕ್ಕಕ್ಕಿಟ್ಟು, ತೌಡು ಹಾಕಿಸಿಕೊಳ್ಳಲು ಆಗಲೇ ಸೆರಗನ್ನು ಮಡಿಲ ಮೇಲೆ ಸರಿಮಾಡಿಕೊಂಡಳು.

ಅವನು ಎದ್ದ. ಬಾಗಿಲ ಹೊರಗೆ ಚಪ್ಪರದ ಕೆಳಗೆ ಪ್ರತಿಮಾ ಕೊಡ ತೊಳೆಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ, ತಲೆಯೆತ್ತದೆ ಕೇಳಿದಳು: "ತೌಡು ತರಾಕ ಹೊಂಟ್ರೇನ್ರಿ ಅಣ್ಣಾರ?"

"ಹೂಂ."

"ತರ್ರಿ. ನಮಗೂ ಒಂದ ಚಿಂತಿ ಕಡಿಮಿ ಆಕ್ಕೈತಿ." ಕೊಡವನ್ನು ಬೋರಲು ಹಾಕಿದಳು. ಸಿಟ್ಟೋ ಹಾಸ್ಯವೋ ತಿಳಿಯದ ದನಿ. "ಶ್ರಾವಣದಾಗ ಸೇಟಗ ಸೀರಿ ಕೊಡೂದಿತ್ರಿ. ಗಂಟು ಕಟ್ಟೂದಷ್ಟ ಬಾಕಿ. ಮಹಾಲಿಂಗಪುರದ ಸಂತಿಯೊಳಗ ಯಾರೋ ಹೇಳಿದ್ರು, ನಿಮ್ಮಪ್ಪಾರು ತೀರಿಕೊಂಡ್ರಂತ. ಅತ್ತಿ ಬಂದ ಗುಂಡಿ ಒತ್ತಿ ಎಲ್ಲಾ ಮಗ್ಗಾ ಬಂದ್ ಮಾಡಿಬಿಟ್ರು. ಒಲಿ ಹಚ್ಚಿಗೊಡಲಿಲ್ಲ. ಎಲ್ಲಾರೂ ತಲಿಮ್ಯಾಲೆ ನೀರ ಹಾಕ್ಕೊಂಡ್ವಿ. ಸೇಟ ಬೈದಾ. ನಾವು ಹಿಂಗ ಹಿರೇ ಮಗನ್ನ ಕಳಕೊಂಡೇವ್ರಿ ಅಂತ ಅತ್ತಿ ಫೋನಿನ್ಯಾಗ ಅವಗ ಹೇಳಿದ್ರು. ನಿಮ್ಮನ್ಯಾಗ ಯಾರ ಸತ್ರೂ ಇಲ್ಲಿ ಮಗ್ಗಾ ನಿಂದರತಾವ್ರಿ. ಮೊದಲಿಂದೂ ಹಂಗ."

ತಾವು ಇವರಿಗೆ ಅಪ್ಪನ ಸುದ್ದಿ ಹೇಳಿಯೂ ಕಳಿಸಿರಲಿಲ್ಲ. ಅವನು ಚಪ್ಪಲಿ ಹುಡುಕುವ ನೆವದಲ್ಲಿ ಬಾಗಿದ.

"ನಾ ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದ ವರ್ಷಾನೂ ಹಿಂಗ ಆಗಿತ್ರಿ," ಪ್ರತಿಮಾ ಹೇಳುತ್ತಲೇ ಇದ್ದಳು. "ಆಗಿನ್ನೂ ಕೈಮಗ್ಗ. ನಿಮ್ಮಪ್ಪಾರ ಒಬ್ಬರ ಬಂದ್ರು, ಸೀರಿ ಇಲ್ಲ ಏನಿಲ್ಲ. ಅತ್ತಿ ಮುಂದ ಕುಂತು ಸಣ್ಣ ಹುಡುಗರಾಂಗ ಅತ್ರು. ಮಮ್ಮಗಳಂತ, ತೊಟ್ಟಿಲಕ್ಕೂ ಹಾಕಿದ್ದಿಲ್ಲಂತ. ಹೆಸರಿಲ್ಲದ ಕೂಸಿಗೆ ಯಾಕ್ರಿ ಅತ್ತಿ ಮಗ್ಗಾ ನಿಂದರಸೂದು ಅಂದೆ ನಾ. ಹುಟ್ಟೂಕಿಂತ ಮೊದಲ ನಮ್ಮದಂತ ಹೇಳಿ ಹೋದ ಕೂಸು, ನಾವ ಅಳದಿದ್ರ ಮತ್ಯಾರ ಅಳಬೇಕ ಅಂದ್ರು."

ಪರಮಾನಂದ ಬಾಗಿದವನು ಬಾಗಿಯೇ ಇದ್ದ. ಅದು ಅವನ ಮಗಳು. ಮೊದಲ ಕೂಸು. ಕೆಲವೇ ದಿನ ಇದ್ದು ಹೋಯಿತು. ಅಷ್ಟು ಸಣ್ಣ ಕೂಸಿಗೆ ಸೂತಕ ಹಿಡಿಯುವುದಿಲ್ಲ, ಅಳಬಾರದು, ಮುಂದಿನದಕ್ಕೆ ಒಳ್ಳೆಯದಲ್ಲ ಎಂದು ಹಿರಿಯರು ಅಂದರು. ಅಪ್ಪನೇ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋಗಿ, ಬಂದು, ಕೈ ತೊಳೆದು, ಸಂಜೆಗೆ ಊಟ ಮಾಡಿದ್ದ. ಎಂಥ ಕಲ್ಲು ಮನುಷ್ಯ ಎಂದು ಇವನು ಒಳಗೊಳಗೇ ಹಗೆ ಸಾಧಿಸಿದ್ದ, ಎಷ್ಟೋ ವರ್ಷ. ಅಂಜನಾ ಮಾತ್ರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಹಾಲು ಕಟ್ಟಿದ ನೋವಿಗೆ ಹಲ್ಲು ಕಚ್ಚಿ. ಆಮೇಲೆ ಮಗ ಹುಟ್ಟಿದ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ವಂಶವೃಕ್ಷ ಬರೆಯುವಾಗಲೂ ಅವನಿಗೆ ಅದು ನೆನಪಾಗಿರಲಿಲ್ಲ. ಅಲ್ಲ, ನೆನಪಾಗಿತ್ತು, ಹೆಸರಿಲ್ಲದ್ದಕ್ಕೆ ಚೌಕ ಹೇಗೆ ಹಾಕುವುದೆಂದು ಬಿಟ್ಟಿದ್ದ. ಭೂಮಿಯ ಮೇಲೆ ಎಲ್ಲಿಯೂ ಅದಕ್ಕೆ ಜಾಗವಿಲ್ಲ ಅಂದುಕೊಂಡಿದ್ದ. ಇಲ್ಲಿ, ತಾನು ಕಾಲಿಡಲು ನಾಚುತ್ತಿದ್ದ ಈ ಮನೆಯಲ್ಲಿ, ಸುದ್ದಿ ಮುಟ್ಟಿದ ದಿನ ಒಲೆ ಹೊತ್ತಿರಲಿಲ್ಲ. ಅಪ್ಪ ಅಳಲಿಕ್ಕೆ ಇಷ್ಟು ದೂರ ಬಂದಿದ್ದ. ಹಣಮಪ್ಪನಿಗೆ ಅಳಲು ಒಂದು ತವರು ಇತ್ತು.

ಅವನು ನೆಟ್ಟಗೆ ನಿಂತಾಗ ಕಣ್ಣು ತುಂಬಿದ್ದವು, ಒರೆಸಿಕೊಳ್ಳಲು ಹೋಗಲಿಲ್ಲ. ಬೀದಿಯ ಆಚೆ ಅಂಗಡಿ. ಬಾಗಿಲಲ್ಲಿ ಬಾಯಿ ಬಿಚ್ಚಿದ ಚೀಲಗಳು, ಹಿಂಡಿ, ಬೂಸಾ, ತೌಡು. ಅಂಗಡಿಯವನು ಕೈಯಲ್ಲಿ ಮೊಬೈಲು ಹಿಡಿದು ಗಿರಾಕಿಯ ದಾರಿ ನೋಡುತ್ತ ಕೂತಿದ್ದ. ನಾಲ್ಕು ಹೆಜ್ಜೆ ಹೋದರೆ ಎಲ್ಲ ಮುಗಿಯುತ್ತದೆ. ಮುಗಿದರೆ ಅವನ ಮನೆತನ ಅವನದೇ ಆಗುತ್ತದೆ, ಗೆರೆ ನೆಟ್ಟಗೆ ಮೇಲೆ ಹೋಗುತ್ತದೆ, ಯಾರ ಹಂಗೂ ಇರುವುದಿಲ್ಲ. ಮುಧೋಳದಲ್ಲಿ ಹುಟ್ಟಲಿರುವ ಕೂಸು ಸಂಧ್ಯಾಳದು, ಮಗನದು, ತನ್ನದು, ಅಷ್ಟು ಜನರದು ಮಾತ್ರ ಆಗುತ್ತದೆ. ಅಷ್ಟು ಜನ ಅದಕ್ಕೆ ಸಾಕೇ? ಹಾಳೆಯ ಮೇಲೆ ತಾನು ಹುಡುಕಿದ್ದು ತಾನು ಹಕ್ಕು ಹೇಳಬಹುದಾದವರನ್ನು. ತನ್ನ ಮೇಲೆ ಹಕ್ಕಿದ್ದವರು ಯಾರೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಎದೆಯೊಳಗೆ ಏನೋ ದೊಡ್ಡದು, ಹೊಳೆಗೆ ನೀರು ಬಿಟ್ಟಾಗ ಏರುವಂತೆ, ಸದ್ದಿಲ್ಲದೆ ಏರಿತು. ಹೆದರಿಕೆಯಲ್ಲ ಅದು. ಇಷ್ಟು ಜನ ತನ್ನನ್ನು, ತನಗೇ ತಿಳಿಯದ ಹಾಗೆ, ಇಷ್ಟು ಕಾಲ ಹಿಡಿದುಕೊಂಡಿದ್ದರಲ್ಲ ಎನ್ನುವ ಬೆರಗು. ಅಂಗಡಿಯವನು ತಲೆಯೆತ್ತಿ, "ಏನ ಬೇಕ್ರಿ?" ಎಂದು ಅಲ್ಲಿಂದಲೇ ಕೂಗಿದ. ಇವನು ಏನೂ ಬೇಡವೆಂದು ಕೈ ಅಲ್ಲಾಡಿಸಿದ.

ಒಳಗೆ ಬಂದ. ತಂಗೆವ್ವ ಕೂತಲ್ಲೇ ಕೂತಿದ್ದಳು, ಮಡಿಲ ಮೇಲೆ ಸೆರಗು ಹರವಿಕೊಂಡು, ಬಾಗಿಲ ಕಡೆಗೆ ಮುಖ ಮಾಡಿ. ತೆರೆದ ಬಾಗಿಲಿನಿಂದ ಬೀದಿಯ ಆಚೆಯ ಅಂಗಡಿ ನೇರವಾಗಿ ಕಾಣುತ್ತಿತ್ತು.

"ತಂದ್ಯೇನಪಾ?"

ಅವನು ಅವಳ ಮುಂದೆ ನೆಲದ ಮೇಲೆ ಕೂತ. ಹಣೆಯನ್ನು ಅವಳ ಕಾಲಿಗೆ ಹಚ್ಚಿದಾಗ ನೆತ್ತಿಯ ಮೇಲೆ ಕೈ ಬಂತು.

"ಇಲ್ಲ ಬೇ ಯವ್ವಾ," ಎಂದ. "ಅಂಗಡಿ ಮುಚ್ಚೇತಿ."

ಹೊರಗೆ ಅಂಗಡಿಯವನು ಯಾರಿಗೋ ಹಿಂಡಿ ತೂಗಿಕೊಡುತ್ತ ದೊಡ್ಡ ದನಿಯಲ್ಲಿ ಚೌಕಾಸಿ ಮಾಡುತ್ತಿದ್ದ. ಮುದುಕಿ 'ಏಳು' ಎನ್ನಲಿಲ್ಲ. ಇನ್ನೊಂದು ಕೈಯಿಂದ ಮಡಿಲ ಮೇಲಿನ ಸೆರಗನ್ನು ನಿಧಾನವಾಗಿ ಮಡಿಚಿಕೊಂಡಳು.

"ಹೌದೋ ನನ್ನಪ್ಪಾ," ಎಂದಳು. "ಮುಚ್ಚೇತಿ ಬಿಡು."